ಅಂಬಾಸಿಡರೋ ಫಿಯೆಟ್ಟೋ

ಅಂಬಾಸಿಡರ್ ಮೇಲೋ ಫಿಯೆಟ್ ಮೇಲೋ ಎಂಬ ಜಗಳ ಎರಡೂ ಕಾರುಗಳಿಗಿಂತ ಗಟ್ಟಿ ಬಾಳಿಕೆಯದು. ತಯಾರಿಕೆ ನಿಂತು ವರ್ಷಗಳೇ ಉರುಳಿದರೂ ನಾಲ್ವರು ನಿವೃತ್ತರು ಕಲೆತ ಕಡೆ ಮಾತು ಒಮ್ಮೆಯಾದರೂ ಕಾರ್ಬುರೇಟರಿನತ್ತ ಹೊರಳುತ್ತದೆ.

ಕಾಗದದ ಮೇಲೆ ಅಂಬಾಸಿಡರಿನದೇ ಮೇಲುಗೈ. ಅದರ ಎಂಜಿನ್ 1489 ಸಿ.ಸಿ., ಸುಮಾರು 50 ಅಶ್ವಶಕ್ತಿ. ಮುಂದೆ ಪ್ರೀಮಿಯರ್ ಪದ್ಮಿನಿಯಾದ ಫಿಯೆಟ್ಟಿನದು 1089 ಸಿ.ಸಿ., ಶಕ್ತಿ 40ರ ಆಸುಪಾಸು. ಆದರೆ ಫಿಯೆಟ್ಟಿನ ತೂಕ ಸುಮಾರು 900 ಕೆ.ಜಿ.; ಅಂಬಾಸಿಡರ್ 1,100 ದಾಟುತ್ತಿತ್ತು. ಹೆಚ್ಚುವರಿ ಹತ್ತು ಕುದುರೆಗಳು ತಮ್ಮ ಯಜಮಾನನ ಮೈಭಾರ ಎಳೆಯುವುದರಲ್ಲೇ ಬಸವಳಿದವು. ಶಕ್ತಿಯನ್ನು ತೂಕದಿಂದ ಭಾಗಿಸಿ ನೋಡಿದರೆ ಟನ್ನಿಗೆ ಎರಡರದೂ 45 ಅಶ್ವಶಕ್ತಿಯ ಹತ್ತಿರವೇ. ಡೀಸೆಲ್ ಅಂಬಾಸಿಡರಿನ ವೇಗದ ಮಾತು ಎತ್ತದಿರುವುದೇ ಸೌಜನ್ಯ.

ಹಾಗಾದರೆ ಜಗಳ ಯಾತಕ್ಕೆ? ಜಗಳವಿದ್ದುದು ಒಳಗೆ ಕೂರುವವರ ಜಾಯಮಾನದಲ್ಲಿ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನ ಪಡಿಯಚ್ಚು. ಮಂತ್ರಿಗಳಿಗೆ, ಜಿಲ್ಲಾಧಿಕಾರಿಗಳಿಗೆ, ಮದುವೆ ದಿಬ್ಬಣಕ್ಕೆ ಹೇಳಿ ಮಾಡಿಸಿದ್ದು. ಹಿಂದಿನ ಸೀಟಿನಲ್ಲಿ ಮೂವರು ಎಂಬುದು ಸರ್ಕಾರಿ ಲೆಕ್ಕ. ಮಲೆನಾಡಿನ ಟ್ಯಾಕ್ಸಿಯವರು ಅದನ್ನು ಎಂದೂ ಒಪ್ಪಲಿಲ್ಲ. ಫಿಯೆಟ್ ಮಾತ್ರ ಡಾಕ್ಟರು, ವಕೀಲರು, ಪ್ರೊಫೆಸರುಗಳಂಥ, ಸ್ವತಃ ಓಡಿಸುವವರ ಕಾರು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರೂ ಮನೆಗೆಂದು ಕೊಂಡದ್ದು ಫಿಯೆಟ್ಟನ್ನೇ, ಅದೂ ಬ್ಯಾಂಕಿನಲ್ಲಿ 5,000 ರೂಪಾಯಿ ಸಾಲ ಮಾಡಿ. ಅದನ್ನು ತಯಾರಿಸಿದ ಕಂಪನಿ ಕಟ್ಟಿದ ವಾಲ್‌ಚಂದ್ ಹೀರಾಚಂದ್, ಕಾರಿಗೂ ಮೊದಲೇ 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದ್ದರು. ಫಿಯೆಟ್ ಪಕ್ಷದವರು ಈ ಸಂಗತಿಯನ್ನು ವಾದದಲ್ಲಿ ಏಕೆ ಬಳಸಲಿಲ್ಲವೋ!

ಎರಡಕ್ಕೂ ಬಹುಕಾಲ ಗೇರು ಸ್ಟೀರಿಂಗಿನ ಪಕ್ಕದಲ್ಲೇ. ಹಳತಾದಂತೆ ಅದರ ಸರಳುಗಳು ಸವೆದು, ಸರಿಯಾಗಿ ಆಗುಂಬೆಯ ತಿರುವಿನಲ್ಲೇ ಗೇರು ಅಲ್ಲೂ ಅಲ್ಲ ಇಲ್ಲೂ ಅಲ್ಲ ಎಂದು ಸಿಕ್ಕಿಕೊಳ್ಳುತ್ತಿತ್ತು. ಚಾಲಕ ಬೀಡಿ ಪಕ್ಕಕ್ಕಿಟ್ಟು ಇಳಿಯುತ್ತಿದ್ದ. ಬಾನೆಟ್ ಎತ್ತಿ, ಕೈ ಒಳಗೆ ತೂರಿಸಿ, ಸರಳನ್ನು ಒಂದು ಸಲ ಜಗ್ಗಿ ಬಿಡಿಸುತ್ತಿದ್ದ. ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ನಮ್ಮಲ್ಲೊಬ್ಬ ಆಗಲೇ ಇಳಿದಿರುತ್ತಿದ್ದ. ಯಾರೂ ಗಾಬರಿಯಾಗುತ್ತಿರಲಿಲ್ಲ, ಇಂದಿನ ಕಾರಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡರೆ ಅದಕ್ಕಿಂತ ಹೆಚ್ಚು ಬೆವರುತ್ತೇವೆ.

ಅಂಬಾಸಿಡರ್ 2014ರಲ್ಲಿ ನಿಂತಿತು. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾದವು. ಈಗಲೂ ಆರಿಸಿಕೋ ಎಂದರೆ, ನಾನೇ ಓಡಿಸುವುದಾದರೆ ಫಿಯೆಟ್: ಹಗುರ ಸ್ಟೀರಿಂಗು, ತಿರುಗಿಸಿದರೆ ಎದೆಗೇ ಗಾಳಿ ಬಡಿಯುವ ಆ ಮುಕ್ಕೋನದ ಗಾಜು. ಬೇರೆ ಯಾರೋ ಓಡಿಸಿ, ಪೆಟ್ರೋಲಿನ ದುಡ್ಡನ್ನೂ ಅವರೇ ಕೊಡುವುದಾದರೆ, ಅಂಬಾಸಿಡರಿನ ಹಿಂದಿನ ಸೀಟು, ಕಿಟಕಿಯ ಪಕ್ಕ.