ಗುಮ್ಮನಿಗೂ ನಗು ಬರುತ್ತೆ ಸ್ವಾಮಿ

ನಿನ್ನೆ ನೆಂಟರ ಮನೆ ಗೃಹಪ್ರವೇಶ. ಊಟ ಆದ್ಮೇಲೆ ಪಿಯುಸಿ ಓದೋ ಹುಡುಗಿಯೊಬ್ಬಳು ಮೂಲೇಲಿ ಕೂತು ಮೊಬೈಲಲ್ಲಿ ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ ಹಾಡು ಹಾಕ್ಕೊಂಡಿದ್ಲು. ಉಗುರಿಗೆ ಕಪ್ಪು ಬಣ್ಣ ಬೇರೆ. ಅಷ್ಟೇ ಸಾಕಾಯ್ತು, ಎಲೆ ಅಡಿಕೆ ಮೆಲ್ತಿದ್ದ ದೊಡ್ಡವರೊಬ್ರು (ಪ್ರತಿ ಮನೇಲೂ ಇರ್ತಾರಲ್ಲ, ಎಲ್ಲಾ ತಿಳಿದವರು) ಸ್ಕ್ರೀನ್ ಕಡೆ ಬಗ್ಗಿ ನೋಡಿ "ಇದೇನಮ್ಮ ದೆವ್ವದ ಹಂಗೆ ಬಿಳಿ ಕಣ್ಣು, ಇಂಥದ್ದು ಕೇಳಿ ಕೇಳೀನೇ ನಿಮ್ಗೆಲ್ಲ ಡಿಪ್ರೆಶನ್ ಬರೋದು" ಅಂದ್ರು. ನಾನು ಬಾಯಿ ತೆಗೆಯೋಷ್ಟರಲ್ಲಿ ನಮ್ಮತ್ತೆ ಕಣ್ಣಲ್ಲೇ ತಡೆದ್ರು. ಅಲ್ಲಿ ನುಂಗಿಕೊಂಡಿದ್ದನ್ನ ಇಲ್ಲಿ ಕಾರ್ತಿದೀನಿ, ಸಹಿಸ್ಕೊಳ್ಳಿ.

ಅವರು ನೋಡಿದ್ದು ಬಿಲ್ಲಿಯ ಮೊದಲ ಆಲ್ಬಂ ಕವರ್. 'ವೆನ್ ವಿ ಆಲ್ ಫಾಲ್ ಅಸ್ಲೀಪ್, ವೇರ್ ಡು ವಿ ಗೋ?', ಬಂದಿದ್ದು 2019ರ ಮಾರ್ಚಲ್ಲಿ, ಆಗ ಅವಳಿಗೆ ಹದಿನೇಳು. ಕತ್ತಲೆ ರೂಮು, ಮಂಚದ ತುದೀಲಿ ಕೂತಿದಾಳೆ, ಕಣ್ಣಲ್ಲಿ ಕಪ್ಪು ಗುಡ್ಡೇನೇ ಇಲ್ಲ, ಪೂರ್ತಿ ಬಿಳಿ. ಸರಿ, ಅದು ಎಲ್ರಿಗೂ ಕಾಣುತ್ತೆ. ಹಲ್ಲು ಕಿರಿದುಕೊಂಡು ನಗ್ತಿದಾಳಲ್ಲ, ಅದು ಯಾಕ್ರೀ ಯಾರಿಗೂ ಕಾಣಲ್ಲ?

ನನ್ನ ತಕರಾರು ಇಷ್ಟೇ. ಈ ಆಲ್ಬಮ್ಮನ್ನ ಬೈಯೋರೂ ಗಂಭೀರವಾಗಿ ಬೈತಾರೆ, ಹೊಗಳೋರೂ "ಒಂದು ಪೀಳಿಗೆಯ ನೋವಿನ ದನಿ" ಅಂತ ಸಂತಾಪ ಸಭೆ ಥರ ಹೊಗಳ್ತಾರೆ. ತಮಾಷೆ ಆಗಿದೆ ಅಂತ ಒಬ್ರೂ ಹೇಳಲ್ಲ. ಮೊದಲನೇ ಟ್ರ್ಯಾಕ್ ಹಾಕಿ ನೋಡಿ, ಹೆಸರೇ ಬರೀ ಆಶ್ಚರ್ಯಸೂಚಕ ಚಿಹ್ನೆಗಳು, ಒಂದೇ ಒಂದು ಅಕ್ಷರ ಇಲ್ಲ. ಅದರಲ್ಲಿ ಅವಳು ಹಲ್ಲು ಸರಿ ಮಾಡೋಕೆ ಹಾಕ್ತಾರಲ್ಲ ಪ್ಲಾಸ್ಟಿಕ್ ಕ್ಲಿಪ್ಪು, ಅದನ್ನ ಸೊರ್ ಅಂತ ಜೊಲ್ಲು ಸಮೇತ ಬಾಯಿಂದ ತೆಗೆದು, ತೆಗೆದೆ, ಇದೇ ಆಲ್ಬಂ ಅಂತ ಹೇಳಿ ಅಣ್ಣನ ಜೊತೆ ಬಿದ್ದು ಬಿದ್ದು ನಗ್ತಾಳೆ. ದೆವ್ವ ಹಿಡಿದ ಹುಡುಗಿ ಮಾಡೋ ಕೆಲಸಾನಾ ಇದು? ಆಮೇಲೆ 'ಬರಿ ಎ ಫ್ರೆಂಡ್' ಹಾಡಲ್ಲಿ ಕಿರ್ರ್ ಅಂತ ಮೈ ಜುಮ್ಮೆನ್ನಿಸೋ ಸದ್ದು ಬರುತ್ತಲ್ಲ, ಅದೂ ಹಲ್ಲಿನ ಡಾಕ್ಟರ ಡ್ರಿಲ್ಲೇ, ಅವಳ ಹಲ್ಲಿಗೆ ಅಂಟಿಸಿದ್ದನ್ನ ಕೆರೆದು ತೆಗೆಯುವಾಗ ರೆಕಾರ್ಡ್ ಮಾಡ್ಕೊಂಡಿದ್ದು. 'ಬ್ಯಾಡ್ ಗೈ' ಹಾಡಲ್ಲಿ ಸಿಡ್ನಿಯ ರಸ್ತೆ ದಾಟೋ ಸಿಗ್ನಲ್ಲಿನ ಟಿಕ್ ಟಿಕ್ ಸೇರಿಸಿದಾರೆ. ಜನ ಹೆದರಿಕೊಂಡಿದ್ದು ಯಾವುದಕ್ಕೆ ಅಂತ ನೋಡಿ, ದಂತವೈದ್ಯರಿಗೆ ಮತ್ತು ಟ್ರಾಫಿಕ್ ಸಿಗ್ನಲ್ಲಿಗೆ!

ಆ 'ಬರಿ ಎ ಫ್ರೆಂಡ್' ಇದೆಯಲ್ಲ, ಅದು ಮಂಚದ ಕೆಳಗಿರೋ ಭೂತದ ಕಡೆಯಿಂದ ಹಾಡಿದ್ದು ಅಂತ ಅವಳೇ ಹೇಳಿದಾಳೆ. ನಾನು ಸಂಗೀತ ಪರೀಕ್ಷೇಲಿ ಜೂನಿಯರ್ ಪಾಸು ಮಾಡಿ ಸೀನಿಯರ್‌ಗೆ ಕೈ ಎತ್ತಿದವಳು, ಆದ್ರೂ ದಾಸರ ಪದ ಮರೆತಿಲ್ಲ. ಪುರಂದರದಾಸರ 'ಗುಮ್ಮನ ಕರೆಯದಿರೆ' ಕೇಳದೇ ಬೆಳೆದೋರು ನಮ್ಮಲ್ಲಿ ಯಾರಿದಾರೆ? ಸುಮ್ಮನಿರ್ತೀನಿ, ಮಮ್ಮು ಉಣ್ತೀನಿ, ಅಳಲ್ಲ, ಗುಮ್ಮನ್ನ ಮಾತ್ರ ಕರೀಬೇಡ ಅಂತ ಅಮ್ಮನ ಹತ್ರ ಗೋಗರೀತಿರೋದು ಯಾರು? ಸಾಕ್ಷಾತ್ ಕೃಷ್ಣ. ಹೆದರಿಕೆಯ ಹಾಡೂ ಹೌದು, ನಗು ತಡೆಯೋಕಾಗದ ಹಾಡೂ ಹೌದು, ಎರಡನ್ನೂ ಬಿಡಿಸೋಕೇ ಬರಲ್ಲ. ನಮ್ಮಲ್ಲಿ ಕೂಸು ಹಾಡಿತ್ತು, ಲಾಸ್ ಏಂಜಲೀಸಿನ ಈ ಹುಡುಗಿ ಗುಮ್ಮನ ಕೈಗೇ ಮೈಕು ಕೊಟ್ಟಳು. ದಾಸರ ಪದಕ್ಕೆ ತಲೆದೂಗೋ ಕಿವಿಗೆ ಇದು ಯಾಕೆ ಕೇಳಿಸಲ್ಲ ಅಂತ ನನಗೆ ನಿಜವಾಗ್ಲೂ ಅರ್ಥ ಆಗಲ್ಲ.

"ಅದು ಹಾಡೋದಾ, ಪಿಸುಗುಟ್ಟೋದು" ಅನ್ನೋರಿಗೆ ಏನು ಹೇಳೋಣ. ಅಣ್ಣ ಫಿನಿಯಸ್ಸಿನ ಪುಟ್ಟ ಬೆಡ್‌ರೂಮಲ್ಲಿ, ಮೈಕಿಗೆ ತುಟಿ ತಾಗೋಷ್ಟು ಹತ್ರ ಕೂತು ಹಾಡಿದ್ದು ಅದು, ಕೊನೇ ಸಾಲಲ್ಲಿ ಕೂತವರಿಗೆ ಕೇಳಿಸೋಕೆ ಅಲ್ಲ, ನಿಮ್ಮ ಕಿವಿಯೊಳಗೆ ಕೂರೋಕೆ. 'ವೆನ್ ದ ಪಾರ್ಟೀಸ್ ಓವರ್' ಕೇಳಿ, ಅವಳದೇ ದನಿ ಪದರ ಪದರವಾಗಿ ಒಂದರ ಮೇಲೊಂದು, ಪ್ರತಿ ಪದರಾನೂ ಶ್ರುತೀಲಿ. ಕಿರುಚೋರನ್ನೆಲ್ಲ ಗಾಯಕರು ಅಂತ ಒಪ್ಕೊಂಡ ಮೇಲೆ ಪಿಸುಮಾತಿಗೆ ಯಾಕೆ ಈ ಮಡಿ?

ಇನ್ನು "ಇದೆಲ್ಲ ದೊಡ್ಡ ಕಂಪನಿ ಮಾರ್ಕೆಟಿಂಗು, ಗಾಥಿಕ್ ವೇಷ ಹಾಕಿಸಿ ಮಾರಿದಾರೆ" ಅಂತ ಒಂದು ವಾದ ಇದೆ. ಇಂಟರ್‌ಸ್ಕೋಪ್ ಅನ್ನೋ ದೊಡ್ಡ ರೆಕಾರ್ಡ್ ಕಂಪನಿ ಬೆನ್ನಿಗಿತ್ತು, ನಿಜ. ಆದ್ರೆ ಮಾರ್ಕೆಟಿಂಗ್ ಮೀಟಿಂಗಲ್ಲಿ ಯಾವ ಪುಣ್ಯಾತ್ಮ ಜೊಲ್ಲು ಸುರಿಯೋ ಸದ್ದಿಂದ ಆಲ್ಬಂ ಶುರು ಮಾಡೋಣ ಅಂತಾನೆ ಸ್ವಾಮಿ? 'ಝ್ಯಾನಿ' ಹಾಡಲ್ಲಿ ಯಾರೋ ಮುಖಕ್ಕೆ ಸಿಗರೇಟು ಹೊಗೆ ಬಿಟ್ಟ ಹಾಗೆ ಅನ್ನಿಸ್ಬೇಕು ಅಂತ ಬೇಕಂತಲೇ ಬೇಸ್ (ಗುಂಯ್‌ಗುಡೋ ತಗ್ಗು ಸದ್ದು) ಒಡೆದುಬಿಟ್ಟಿದಾರೆ, ಸ್ಪೀಕರ್ ಕೆಟ್ಟಿದೆ ಅಂತ ಕೇಳೋನು ವಾಪಸ್ ಕೊಡೋ ಹಂಗಿದೆ. ಮಾರೋಕೆ ಹೊರಟೋರು ಮಾಡೋ ಕೆಲಸ ಅಲ್ಲ ಇದು.

ಕೊನೆ ಕಡೆ ನಿಜಕ್ಕೂ ಸಂಕಟದ ಹಾಡುಗಳಿವೆ, ಒಂದಂತೂ ಸಾವಿನ ಅಂಚಿಗೆ ನಿಂತು ಹಾಡಿದ್ದು, ಇಲ್ಲ ಅಂತಿಲ್ಲ. ಹಾಗಂತ ಪೂರ್ತಿ ಆಲ್ಬಮ್ಮಿಗೇ ಸೂತಕ ಹಚ್ಚಬೇಕಾ?

ಒಂದು ಮಾತು, ಇದನ್ನ ಹೆಚ್ಚು ಜನಕ್ಕೆ ಹೇಳಿಲ್ಲ. ಅಪ್ಪ ಹೋದ ಮೇಲೆ ನನಗೆ ರಾತ್ರಿ ಎಚ್ಚರ ಆಗ್ತಿತ್ತು, ಕಣ್ಣು ಬಿಟ್ಟಿರುತ್ತೆ, ಕೈಕಾಲು ಅಲ್ಲಾಡಲ್ಲ, ಎದೆ ಮೇಲೆ ಯಾರೋ ಕೂತಿದಾರೆ. ನಮ್ಮಜ್ಜಿ ಇದ್ದಿದ್ರೆ ತಾಯತ ಕಟ್ಟಿಸಿರೋರು. ಸ್ಲೀಪ್ ಪ್ಯಾರಾಲಿಸಿಸ್ ಅಂತ ಹೆಸರಂತೆ. ಬಿಲ್ಲಿಗೂ ಇದೇ ಕಾಟ, ಕೆಟ್ಟ ಕನಸುಗಳ ಕಾಟ, ಆಲ್ಬಮ್ಮಿನ ಹೆಸರೂ ಅರ್ಧ ಹಾಡುಗಳೂ ಅಲ್ಲಿಂದಲೇ ಹುಟ್ಟಿದ್ದು. ಇಂಥದೇ ಒಂದು ರಾತ್ರಿ ಆದ ಮೇಲೆ ಅಡುಗೆಮನೇಲಿ ಲೈಟ್ ಹಾಕ್ಕೊಂಡು ಇಯರ್‌ಫೋನಲ್ಲಿ ಆ ಭೂತದ ಹಾಡು ಕೇಳ್ತಾ ಕೂತಿದ್ದೆ, ಡ್ರಿಲ್ ಸದ್ದು ಬಂದಾಗ ಜೋರಾಗಿ ನಕ್ಕುಬಿಟ್ಟೆ, ನಮ್ಮನೆಯವರು ಎದ್ದು ಬಂದು ಏನಾಯ್ತು ಅಂತ ಗಾಬರಿ. ಡಿಪ್ರೆಶನ್ ಬರ್ಸುತ್ತಂತೆ, ಡಿಪ್ರೆಶನ್ನು!

2020ರ ಜನವರೀಲಿ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ ಗ್ರ್ಯಾಮಿಯ ನಾಲ್ಕೂ ಮುಖ್ಯ ಬಹುಮಾನ ಒಂದೇ ರಾತ್ರಿ ಬಿಲ್ಲಿಗೆ ಬಂತು, ಅದಕ್ಕೆ ಮುಂಚೆ ಹಾಗಾಗಿದ್ದು 1981ರಲ್ಲಿ ಗಾಯಕ ಕ್ರಿಸ್ಟೋಫರ್ ಕ್ರಾಸ್‌ಗೆ ಮಾತ್ರ. ಪ್ರಶಸ್ತಿ ತೋರಿಸಿ ಬಾಯಿ ಮುಚ್ಚಿಸೋದು ನನಗಿಷ್ಟ ಇಲ್ಲ, ಆದ್ರೆ ನಮ್ಮ ನೆಂಟರಿಗೆ ಪ್ರಶಸ್ತಿ, ಪರ್ಸೆಂಟೇಜು ಬಿಟ್ರೆ ಬೇರೆ ಭಾಷೆ ಬರಲ್ಲ, ಅದಕ್ಕೇ ಹಾಕಿದೀನಿ.

ಕೇಳೋರು ಇಯರ್‌ಫೋನಲ್ಲಿ ಕೇಳಿ, ಮೊದಲಿಂದ ಕೊನೇತನಕ, ಶಫಲ್ ಮಾಡಬೇಡಿ. ಮೊಬೈಲ್ ಸ್ಪೀಕರಲ್ಲಿ ಅರ್ಧ ಕೇಳಿ "ಅಯ್ಯೋ ಏನೂ ಇಲ್ಲ ಇದ್ರಲ್ಲಿ" ಅಂತ ಕಾಮೆಂಟ್ ಹಾಕೋರಿಗೆ ನಾನು ಉತ್ತರ ಕೊಡಲ್ಲ, ಈಗ್ಲೇ ಹೇಳಿದೀನಿ.