ಕತೆ ಹೇಳಲ್ಲ, ನೀನೇ ಓದು

ಕಾದಂಬರಿ ಓದಿ ಮುಗಿಸಿದವರನ್ನು 'ಹೇಗಿತ್ತು?' ಅಂತ ಕೇಳುವುದು ಅಪಾಯದ ಕೆಲಸ. ಒಂದೋ ಪೂರ್ತಿ ಕತೆ ಕೇಳಿಸಿಕೊಳ್ಳಬೇಕು, ಇಲ್ಲವೇ ಏನೂ ಗೊತ್ತಾಗದೆ ಎದ್ದು ಬರಬೇಕು.

ನನ್ನ ಭಾವ ಮೊದಲನೇ ಗುಂಪಿನವರು. 'ಕತೆ ಹೇಳಲ್ಲ, ನೀನೇ ಓದು' ಅಂತಲೇ ಶುರು ಮಾಡುತ್ತಾರೆ. ಅಷ್ಟಕ್ಕೇ ನಿಲ್ಲಿಸಿದರೆ ದೇವರಂಥ ಮನುಷ್ಯ. ಆದರೆ ಮುಂದಿನ ಮಾತು ಹೀಗಿರುತ್ತದೆ: 'ಆ ತಮ್ಮ ಸಾಯ್ತಾನಲ್ಲ, ಅಲ್ಲಿವರೆಗೂ ಸ್ವಲ್ಪ ನಿಧಾನ. ಆಮೇಲೆ ಬಿಡು, ಓಡುತ್ತೆ.'

ನಾನು ಆಗಷ್ಟೇ ಆ ತಮ್ಮನನ್ನು ಇಷ್ಟಪಡಲು ಶುರು ಮಾಡಿರುತ್ತೇನೆ. ಅವನಿಗೆ ಕೆಲಸ ಸಿಕ್ಕಿದೆ, ಮದುವೆ ಗೊತ್ತಾಗಿದೆ, ಪಾಪ ಹೊಸ ಅಂಗಿ ಬೇರೆ ಹೊಲಿಸಿಕೊಂಡಿದ್ದಾನೆ. ಇನ್ನು ಅವನು ನಕ್ಕಾಗಲೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ. ಕೆಮ್ಮಿದರಂತೂ ಪುಸ್ತಕವನ್ನೇ ಮುಚ್ಚಿಡುತ್ತೇನೆ. 'ಭಾವ, ದಯವಿಟ್ಟು ಕೊನೆ ಹೇಳಬೇಡಿ' ಅಂದರೆ ಅವರಿಗೆ ಬೇಜಾರು. 'ಕೊನೆ ಎಲ್ಲಿ ಹೇಳಿದೆ? ಇದು ಮಧ್ಯದಲ್ಲೇ ಬರುತ್ತೆ. ಕೊನೇಲಿ ಸಾಯೋದು ಅಣ್ಣ.'

ಎರಡನೇ ಗುಂಪಿಗೆ ನನ್ನ ಸಹೋದ್ಯೋಗಿಯೊಬ್ಬರು ಸಾಕು. ಅವರು ಸಿಕ್ಕಾಪಟ್ಟೆ ಓದುತ್ತಾರೆ. ಎಲ್ಲದಕ್ಕೂ ಒಂದೇ ಅಭಿಪ್ರಾಯ: 'ಪರವಾಗಿಲ್ಲ, ಒಂದ್ಸಲ ಓದಬಹುದು.' ಹಾಗಾದರೆ ಎರಡು ಸಲ ಓದಬೇಕಾದ್ದು ಯಾವುದು ಅಂತ ಕೇಳಿದೆ. ಅವರು ಕನಿಕರದಿಂದ ನೋಡಿ, 'ಯಾಕೆ, ಮೊದಲನೇ ಸಲ ಅರ್ಥ ಆಗ್ಲಿಲ್ವಾ?' ಅಂದರು.

ಇನ್ನು ಅರ್ಧ ಓದಿದವರು. ಓದು ಅರ್ಧ, ಅಭಿಪ್ರಾಯ ಮಾತ್ರ ಪೂರ್ತಿ. ಟಾಲ್‌ಸ್ಟಾಯ್ ಬರೆದ 'ಯುದ್ಧ ಮತ್ತು ಶಾಂತಿ' ಇವರಿಗೆ ಅಚ್ಚುಮೆಚ್ಚು. ಸಾವಿರಕ್ಕೂ ಜಾಸ್ತಿ ಪುಟ, ಐನೂರಕ್ಕೂ ಜಾಸ್ತಿ ಪಾತ್ರ. ಏನು ಹಿಡಿಸಿತು ಅಂತ ಕೇಳಿ ನೋಡಿ. 'ಆ ಪಾರ್ಟಿ ಇದೆಯಲ್ಲ, ಅಬ್ಬಾ!' ಅನ್ನುತ್ತಾರೆ. ಕಾದಂಬರಿ ಶುರುವಾಗುವುದೇ ಆ ಪಾರ್ಟಿಯಿಂದ. ನೆಪೋಲಿಯನ್ ಮಾಸ್ಕೋ ತಲುಪುವ ಹೊತ್ತಿಗೆ ಇವರು ದೀಪ ಆರಿಸಿ ಮಲಗಿ ಎಷ್ಟೋ ಕಾಲವಾಗಿರುತ್ತದೆ.

ಇಂಥವರನ್ನು ಹಿಡಿಯಲು ಜೋರ್ಡನ್ ಎಲೆನ್‌ಬರ್ಗ್ ಎಂಬ ಗಣಿತಜ್ಞ 2014ರಲ್ಲಿ ತಮಾಷೆಯ ಲೆಕ್ಕವೊಂದನ್ನು ಹಾಕಿದರು. ಕಿಂಡಲ್ ಎಂಬ ಇ-ಪುಸ್ತಕ ಓದುವ ಸಾಧನದಲ್ಲಿ ಜನ ಅತಿ ಹೆಚ್ಚು ಗುರುತು ಹಾಕಿದ ಐದು ಸಾಲುಗಳು ಎಷ್ಟನೇ ಪುಟದಲ್ಲಿವೆ ಅಂತ ನೋಡಿ, ಆ ಪುಟಸಂಖ್ಯೆಗಳ ಸರಾಸರಿ ಒಟ್ಟು ಪುಟಗಳಲ್ಲಿ ಶೇಕಡಾ ಎಷ್ಟು ಅಂತ ಲೆಕ್ಕ ಹಾಕುವುದು. ಐದೂ ಆರಂಭದಲ್ಲೇ ಇದ್ದರೆ ಓದುಗರು ಅಲ್ಲಿಂದ ಮುಂದೆ ಹೋಗಿಲ್ಲ ಅಂತ ತಿಳಿಯಬೇಕು. ಇದಕ್ಕೆ ಅವರು ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಹೆಸರಿಟ್ಟರು. ಹಾಕಿಂಗ್ ಬರೆದ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್' ಎಲ್ಲರೂ ಕೊಂಡು ಯಾರೂ ಮುಗಿಸದ ಪುಸ್ತಕ ಅಂತ ಹೆಸರಾಗಿದೆಯಲ್ಲ, ಅದಕ್ಕೆ. ಆ ಪುಸ್ತಕಕ್ಕೆ ಸಿಕ್ಕಿದ್ದು ಶೇ. 6.6. ಡೊನಾ ಟಾರ್ಟ್ ಅವರ 'ದಿ ಗೋಲ್ಡ್‌ಫಿಂಚ್' ಕಾದಂಬರಿಗೆ ಶೇ. 98.5. ನನಗೆ ಇಷ್ಟೆಲ್ಲ ಲೆಕ್ಕ ಬೇಡ. ಅರ್ಧ ಓದಿದವರ ಪುಸ್ತಕ ಕೈಗೆ ಸಿಕ್ಕರೆ ಅಂಚು ನೋಡುತ್ತೇನೆ. ಓದಿದಷ್ಟು ಭಾಗಕ್ಕೆ ಕೈಕೊಳೆ ಹತ್ತಿರುತ್ತದೆ. ಅಲ್ಲಿಂದಾಚೆ ಅಚ್ಚಿನ ಮನೆಯಿಂದ ಬಂದಷ್ಟೇ ಬೆಳ್ಳಗೆ.

ನನಗೆ ನಂಬಿಕೆ ಇರುವುದು ಚಿಕ್ಕಮ್ಮನ ಮೇಲೆ. ಭಾಷೆ, ಶೈಲಿ, ತಂತ್ರ ಯಾವುದೂ ಅವಳಿಗೆ ಬೇಡ. ಅವಳದು ಕಾದಂಬರಿಯೊಳಗಿನ ಜನರ ಜೊತೆ ನೇರ ಜಗಳ. 'ಅಂಥವನನ್ನ ಮನೆ ಒಳಗೆ ಯಾಕೆ ಸೇರಿಸಿದ್ಲು? ಬುದ್ಧಿ ಇಲ್ವಾ ಅವಳಿಗೆ?' ಇದು ವಿಮರ್ಶೆ.

ಒಮ್ಮೆ ಬೆಳಬೆಳಗ್ಗೆ ಫೋನ್ ಮಾಡಿ, 'ಅವಳು ಮತ್ತೆ ಅವನ ಹತ್ರಾನೇ ಹೋದ್ಲು ಕಣೋ' ಅಂದಳು. ದನಿಯಲ್ಲಿ ಅಳು. ಯಾರು, ಯಾರ ಹತ್ರ ಅಂತ ಕೇಳುವಷ್ಟರಲ್ಲಿ ಫೋನ್ ಕಟ್ಟಾಯಿತು. ತಿರುಗಿ ಮಾಡಿದರೆ ಎತ್ತುತ್ತಿಲ್ಲ. ನಾನು ಗಾಬರಿಯಿಂದ ನೆಂಟರ ಮನೆಯ ಹೆಣ್ಣುಮಕ್ಕಳನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನಪು ಮಾಡಿಕೊಂಡೆ. ಪಕ್ಕದಲ್ಲಿದ್ದ ಹೆಂಡತಿ ಅಷ್ಟರಲ್ಲೇ ತನ್ನ ಅಕ್ಕನಿಗೆ ಮೆಸೇಜ್ ಹಾಕಿಯಾಗಿತ್ತು: 'ಯಾರದೋ ಸಂಸಾರ ಕೆಟ್ಟಿದೆ, ಸ್ವಲ್ಪ ವಿಚಾರಿಸು.' ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಗೆ ಸಮಾಧಾನದ ಫೋನ್‌ಗಳು ಬರಲು ಶುರುವಾದವು. ಒಬ್ಬರು ಒಳ್ಳೆಯ ವಕೀಲರು ಗೊತ್ತು ಅಂದರು. ಇನ್ನೊಬ್ಬರು, ಹುಡುಗನ ಮೇಲೆ ನನಗೆ ಮೊದಲಿಂದಲೂ ಅನುಮಾನ ಇತ್ತು ಅಂದರು. ಯಾವ ಹುಡುಗ ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಸಂಜೆ ಚಿಕ್ಕಮ್ಮ ಫೋನ್ ಎತ್ತಿದಳು. ಅಷ್ಟೊತ್ತಿಗೆ ಅವಳು ಇನ್ನಷ್ಟು ಅಧ್ಯಾಯ ಮುಗಿಸಿದ್ದಳು. 'ಅದಾ? ಈಗ ಪರವಾಗಿಲ್ಲ ಬಿಡು. ಅವನು ಸತ್ತ' ಅಂದಳು, ಬಹಳ ನೆಮ್ಮದಿಯಿಂದ. ಈ ಸುದ್ದಿಯನ್ನು ವಕೀಲರು ಗೊತ್ತು ಅಂದವರಿಗೆ ಹೇಗೆ ತಲುಪಿಸುವುದು ಅಂತ ಹೆಂಡತಿ ಇನ್ನೂ ಯೋಚಿಸುತ್ತಿದ್ದಾಳೆ.

ಇದನ್ನು ಹುಚ್ಚು ಅನ್ನಬೇಡಿ. 1893ರಲ್ಲಿ ಆರ್ಥರ್ ಕಾನನ್ ಡಾಯ್ಲ್ ತಮ್ಮ ಪತ್ತೇದಾರ ಶೆರ್ಲಾಕ್ ಹೋಮ್ಸ್‌ನನ್ನು ಜಲಪಾತದ ಹತ್ತಿರ ಕೊಂದು ಕೈತೊಳೆದುಕೊಂಡರು. ಓದುಗರು ಬಿಡಲಿಲ್ಲ. ಬೈದು ಪತ್ರ ಬರೆದರು. ಒಬ್ಬ ಹೆಂಗಸಂತೂ ಕಾಗದದ ಶುರುವಿನಲ್ಲೇ 'ಕ್ರೂರಿ' ಅಂತ ಕರೆದಿದ್ದಳು. ಇದನ್ನು ಡಾಯ್ಲ್ ತಮ್ಮ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾರೆ. ಕೊನೆಗೆ 1903ರಲ್ಲಿ ಹೋಮ್ಸ್ ವಾಪಸ್ ಬಂದ, ಸತ್ತೇ ಇರಲಿಲ್ಲವಂತೆ. ಇದನ್ನು ಚಿಕ್ಕಮ್ಮನಿಗೆ ಹೇಳಿದೆ. ಅವಳು ಡಾಯ್ಲ್ ಮೇಲೆ ಹೊಸದಾಗಿ ಸಿಟ್ಟಾದಳು. 'ಮೊದಲೇ ಹೇಳಿದ್ರೆ ಆ ಹೆಂಗಸು ಹತ್ತು ವರ್ಷ ನೆಮ್ಮದಿಯಾಗಿ ಇರ್ತಿದ್ಲಲ್ಲ!'

ಚಿಕ್ಕಮ್ಮ 'ಚೆನ್ನಾಗಿದೆ' ಅಂದ ಪುಸ್ತಕವನ್ನು ನಾನು ಮುಟ್ಟಲ್ಲ. ಅದರಲ್ಲಿ ಯಾರೂ ತಪ್ಪು ಮಾಡಿಲ್ಲ ಅಂತ ಅರ್ಥ. ವಾರಗಟ್ಟಲೆ ಬೈದರೆ ಮಾತ್ರ ಅದನ್ನು ಹುಡುಕಿಕೊಂಡು ಲೈಬ್ರರಿಗೆ ಹೋಗುತ್ತೇನೆ.

ಲೈಬ್ರರಿಯಲ್ಲಿ ಇನ್ನೊಬ್ಬರು ಕಾಯುತ್ತಿರುತ್ತಾರೆ. ಅವರ ಮುಖ ನಾನು ನೋಡಿಲ್ಲ. ಪೆನ್ಸಿಲ್ ಮಾತ್ರ ಗೊತ್ತು. ನಾನು ತಂದ ಕೊಲೆ ರಹಸ್ಯದ ಕಾದಂಬರಿಯೊಂದರಲ್ಲಿ ಡಾಕ್ಟರ್ ಬಾಗಿಲು ತಟ್ಟಿ ಒಳಗೆ ಬರುತ್ತಾರೆ. ಅವರ ಹೆಸರಿಗೆ ದುಂಡಗೆ ಸುತ್ತು ಹಾಕಿ ಪಕ್ಕದಲ್ಲಿ ಬರೆದಿತ್ತು: 'ಇವನೇ ಕೊಲೆಗಾರ.' ಆ ಕ್ಷಣಕ್ಕೆ ಇನ್ನೂ ಕೊಲೆಯೇ ಆಗಿರಲಿಲ್ಲ! ಕೆಳಗೆ ನೀಲಿ ಪೆನ್ನಿನಲ್ಲಿ ಬೇರೊಬ್ಬರು, 'ಅಲ್ಲ, ಪೂರ್ತಿ ಓದಿ' ಅಂದಿದ್ದರು. ಅದರ ಕೆಳಗೆ ಮತ್ತೆ ಪೆನ್ಸಿಲ್: 'ಓದಿದ್ದೇನೆ. ಇವನೇ.' ಅಂಚಿನಲ್ಲಿ ಜಾಗ ಮುಗಿದಿದ್ದರಿಂದ ಜಗಳ ಅಲ್ಲಿಗೆ ನಿಂತಿತ್ತು.

ಯಾರು ಗೆದ್ದರು ಅಂತ ನೋಡಲು ಕತೆ ಪೂರ್ತಿ ಓದಿದೆ. ಕೊಂದದ್ದು ಡಾಕ್ಟರ್ ಅಲ್ಲ, ಮನೆಯ ಲೆಕ್ಕ ಬರೆಯುವವನು. ಪೊಲೀಸರು ಅವನನ್ನು ಕರೆದೊಯ್ಯುವ ಕೊನೆಯ ಪುಟದಲ್ಲಿ ಪೆನ್ಸಿಲ್ ಅಭಿಪ್ರಾಯ ಹೀಗಿತ್ತು: 'ಲೇಖಕರು ತಪ್ಪು ಮನುಷ್ಯನನ್ನು ಹಿಡಿದಿದ್ದಾರೆ.'

ಮೊನ್ನೆ ಒಂದು ಪ್ರೇಮಕತೆ ತಂದೆ. ನಾಯಕ ಮಳೆಯಲ್ಲಿ ಕೊಡೆ ಹಿಡಿದು, ನಾಯಕಿಗಾಗಿ ಕಾಯುತ್ತಾ ನಿಂತಿದ್ದಾನೆ. ಅಂಚಿನಲ್ಲಿ ಅದೇ ಕೈಬರಹ: 'ಇವನ ಮೇಲೆ ಒಂದು ಕಣ್ಣಿರಲಿ.' ಅಲ್ಲಿಂದ ಅವನು ಬಾಗಿಲು ತಟ್ಟಿದಾಗಲೆಲ್ಲ ನನಗೆ ತೆಗೆಯಬೇಡ ಅಂತ ಕೂಗಬೇಕು ಅನಿಸುತ್ತಿದೆ. ಪಾಪದ ಹುಡುಗ, ಈಗ ತಾನೇ ಉಂಗುರ ತಂದಿದ್ದಾನೆ. ಅದಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ.