ಮಾವನವರ ಕ್ಯಾಲಿಫೋರ್ನಿಯಾ ಆಸ್ತಿ

ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿ ಮಾಡುವ ಕೆಲಸವನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೌಂಟಿಯ ರೆಕಾರ್ಡರ್ ಕಚೇರಿ ಮಾಡುತ್ತದೆ. ಕೌಂಟಿ ಎಂದರೆ ಹೆಚ್ಚುಕಡಿಮೆ ಜಿಲ್ಲೆ. ಈ ರಾಜ್ಯದಲ್ಲಿ ಅಂಥವು 58 ಇವೆ. ಕಚೇರಿಯ ಮುಂದೆ ಝೆರಾಕ್ಸ್ ಅಂಗಡಿಯಿಲ್ಲ, ಮರದಡಿ ಕುಳಿತ ಪತ್ರಬರಹಗಾರರಿಲ್ಲ, ಯಾರ ಪತ್ರಕ್ಕಾದರೂ ಸಾಕ್ಷಿ ಹಾಕಲು ಸಿದ್ಧರಾಗಿ ನಿಂತ ಸಜ್ಜನರಿಲ್ಲ. ಆದ್ದರಿಂದ ಕೆಲಸ ಸಲೀಸಾಗಿ ಮುಗಿಯುತ್ತದೆ ಎಂದೇ ಊರಿನಿಂದ ಬಂದವರು ನಂಬುತ್ತಾರೆ. ನಾವೂ ನಂಬಿದ್ದೆವು.

ನಮಗೆ ಆಗಬೇಕಿದ್ದ ಕೆಲಸ ದೊಡ್ಡದೇನಲ್ಲ. ಮನೆಯ ಯಜಮಾನ ತೀರಿಕೊಂಡರೆ ಮಕ್ಕಳು, ಆಸ್ತಿಯನ್ನು ವಾರಸುದಾರರಿಗೆ ದಾಟಿಸುವ ಪ್ರೊಬೇಟ್ ಕೋರ್ಟಿಗೆ ಅಲೆಯಬಾರದೆಂದು ಇಲ್ಲಿ ಬಹಳ ಜನ ಮನೆಯನ್ನು ಕುಟುಂಬದ ಟ್ರಸ್ಟಿನ ಹೆಸರಿಗೆ ಬರೆದಿಡುತ್ತಾರೆ. ನಾವೂ ಹಾಗೆ ಮಾಡಲು ಹೊರಟೆವು. ವಕೀಲರು ಮೊದಲು ಕೇಳಿದ್ದು ಮನೆ ಕೊಂಡಾಗಿನ ಗ್ರಾಂಟ್ ಡೀಡಿನ, ಅಂದರೆ ನಮ್ಮ ಕ್ರಯಪತ್ರದಂಥ ದಸ್ತಾವೇಜಿನ, ಪ್ರತಿಯನ್ನು. ನಮ್ಮ ಕಡತದಲ್ಲಿ ಸಾಲದ ಕಾಗದಗಳ ಕಟ್ಟಿತ್ತು, ಗೆದ್ದಲು ತಪಾಸಣೆಯ ವರದಿಯಿತ್ತು, ಹಳೆಯ ಮಾಲೀಕರು ಬಿಟ್ಟುಹೋದ ಪಾತ್ರೆ ತೊಳೆಯುವ ಯಂತ್ರದ ಕೈಪಿಡಿಯೂ ಇತ್ತು. ಕ್ರಯಪತ್ರ ಮಾತ್ರ ಇರಲಿಲ್ಲ. ಹೀಗಾಗಿ ಕೌಂಟಿಯ ಸೂಚಿಯಲ್ಲಿ ಹುಡುಕುವ ಯೋಗ ಕೂಡಿಬಂತು.

1908ರ ನೋಂದಣಿ ಕಾಯ್ದೆಯ ಪ್ರಕಾರ ನಮ್ಮ ದೇಶದ ನೋಂದಣಿ ಕಚೇರಿಗಳು ಜನರ ಹೆಸರಿನ ಸೂಚಿಯ ಜೊತೆಗೆ ಆಸ್ತಿಯ ವಿವರದ ಸೂಚಿಯನ್ನೂ ಇಡಬೇಕು. ಸರ್ವೆ ನಂಬರು ಮತ್ತು ಚೆಕ್ಕುಬಂದಿ ಕೊಟ್ಟು ಋಣಭಾರ ಪತ್ರ ತೆಗೆಸುವವರಿಗೆ ಇದರ ಉಪಕಾರ ಗೊತ್ತು. ಇಲ್ಲಿಯ ರೆಕಾರ್ಡರ್ ಸೂಚಿಯಾದರೋ ಕೊಟ್ಟವರ ಹೆಸರು, ಪಡೆದವರ ಹೆಸರು ಎಂಬ ಎರಡೇ ಕಾಲುಗಳ ಮೇಲೆ ನಿಂತಿದೆ, ಅದೂ ಕುಲನಾಮ ಮುಂದಾಗಿ. ಕುಲನಾಮವೆಂಬುದು ಇಲ್ಲದ ಹಳೆಯ ಮೈಸೂರು ಸೀಮೆಯವರ ಪಾಡು ಶುರುವಾಗುವುದು ಇಲ್ಲಿಂದಲೇ. ಪಾಸ್‌ಪೋರ್ಟ್ ಮಾಡಿಸುವಾಗ ನನ್ನ ಇನಿಷಿಯಲ್ಲನ್ನು ಬಿಡಿಸಿ ಬರೆಯಬೇಕಾಗಿ ಬಂದು, ನನ್ನ ಕುಲನಾಮ ತುರುವೇಕೆರೆ ಎಂದಾಯಿತು. ನನ್ನ ಪತ್ನಿಯ ಕುಲನಾಮದ ಜಾಗದಲ್ಲಿ ಅವಳ ತಂದೆಯ ಹೆಸರು ಕುಳಿತಿದೆ.

ತುರುವೇಕೆರೆ ಎಂದು ಹುಡುಕಿದಾಗ ಪರದೆಯ ಮೇಲೆ ಒಂದಷ್ಟು ದಂಪತಿಗಳು ಪ್ರತ್ಯಕ್ಷರಾದರು. ಅವರು ನಮ್ಮ ದಾಯಾದಿಗಳಲ್ಲ, ಯಾವ ಮದುವೆಮನೆಯಲ್ಲೂ ಕಂಡವರಲ್ಲ. ನನ್ನಂತೆಯೇ ಒಂದು ಊರನ್ನು ಹೆಗಲಿಗೇರಿಸಿಕೊಂಡು ವಿಮಾನ ಹತ್ತಿದವರು. ಅವರಲ್ಲಿ ಒಬ್ಬರು ಮನೆಯ ಮೇಲೆ ಎರಡನೆಯ ಸಾಲ ತೆಗೆದಿದ್ದಾರೆಂಬುದು ಈಗ ನನಗೆ ಗೊತ್ತು, ಬೇಡವೆಂದರೂ ಮರೆಯುತ್ತಿಲ್ಲ. ನಾನು ಮಾತ್ರ ಎಲ್ಲಿಯೂ ಇರಲಿಲ್ಲ. ಕೊನೆಗೆ ಪತ್ನಿಯ ಕಡೆಯಿಂದ ಹುಡುಕಿದಾಗ ಮನೆ ಸಿಕ್ಕಿತು, ನಮ್ಮ ಮಾವನವರ ಹೆಸರಿನಡಿಯಲ್ಲಿ. ಮೈಸೂರಿನ ದಸರೆಗೆ ಹೋದರೂ ಅದೇ ಸಂಜೆ ಮಂಡ್ಯಕ್ಕೆ ಹಿಂದಿರುಗುವ ಆ ಮಹನೀಯರು, ಸೂಚಿಯನ್ನು ಮೇಲ್ಮೇಲೆ ಕಣ್ಣಾಡಿಸಿದವರ ಪಾಲಿಗೆ ಕ್ಯಾಲಿಫೋರ್ನಿಯಾದಲ್ಲೊಂದು ಮನೆಯ ಒಡೆಯರು. ಅವರ ಪಕ್ಕದಲ್ಲಿ ನಾನಿದ್ದೆ. ಆದರೆ ಬೆರಳಚ್ಚು ಮಾಡಿದವರ ಕೈಯಲ್ಲಿ ನಡುವಿನದೊಂದು ಅಕ್ಷರ ಕಳೆದುಹೋಗಿ, ತುರುಕೆರೆ ಎಂಬ ಭೂಪಟದಲ್ಲಿಲ್ಲದ ಊರಿನವನಾಗಿದ್ದೆ.

ನಮ್ಮದಾದರೂ ವಾಸಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರ ವೀಸಾದಲ್ಲಿ, ಮೊದಲ ಹೆಸರು ತಿಳಿಯದು ಎಂಬರ್ಥದಲ್ಲಿ, ಎಫ್‌ಎನ್‌ಯು ಎಂಬ ಮೂರು ಅಕ್ಷರಗಳು ಬೀಳುತ್ತವೆ. ಅವು ಅಲ್ಲಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಕ್ರಯಪತ್ರಕ್ಕೆ ನುಸುಳಿದರೆ, ಫ್ನು ಎಂಬ ಮಹಾಶಯನೊಬ್ಬ ಕೌಂಟಿಯ ತುಂಬ ಮನೆ ಕೊಳ್ಳುತ್ತಾ ಹೊರಟಂತೆ ಸೂಚಿಯಲ್ಲಿ ತೋರುತ್ತದೆ.

ಈ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು. ಮನೆಯ ಬೆಲೆಯನ್ನು ಕ್ರಯಪತ್ರದಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ, ಆದರೆ ವರ್ಗಾವಣೆ ತೆರಿಗೆಯನ್ನು ಬರೆಯುತ್ತಾರೆ. ಕೌಂಟಿಯ ತೆರಿಗೆ ಸಾವಿರ ಡಾಲರಿಗೆ 1 ಡಾಲರ್ 10 ಸೆಂಟ್. ತೆರಿಗೆ 880 ಡಾಲರ್ ಎಂದಿದ್ದರೆ ಮನೆ 8 ಲಕ್ಷ ಡಾಲರಿನದು ಎಂದು ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತೇ ಬಾಯಿಲೆಕ್ಕ ಹಾಕಬಲ್ಲವರು ನಮ್ಮಲ್ಲಿದ್ದಾರೆ. ಅವರಲ್ಲಿ ಒಬ್ಬರು ನಮಗೆ ಬೆಲೆ ಹೇಳಿ, ಸ್ವಲ್ಪ ಹೆಚ್ಚೇ ಕೊಟ್ಟಿರಿ ಎಂದು ಚಿತ್ರಾನ್ನ ಬಡಿಸಿಕೊಂಡರು.

ಕಚೇರಿಯ ಗಣಕದ ಮುಂದೆ ಕುಳಿತಿದ್ದಾಗ ಕುತೂಹಲಕ್ಕೆ ನಮ್ಮ ಬಡಾವಣೆಯ 1940ರ ದಶಕದ ದಸ್ತಾವೇಜನ್ನೂ ತೆರೆದೆವು. ಬಿಳಿಯರಲ್ಲದವರು, ಮನೆಗೆಲಸದವರ ಹೊರತು, ಇಲ್ಲಿ ವಾಸಿಸತಕ್ಕದ್ದಲ್ಲ ಎಂಬ ಷರತ್ತು ಅದರಲ್ಲಿತ್ತು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1948ರಲ್ಲೇ ಹೇಳಿತು. ಅವುಗಳನ್ನು ಹುಡುಕಿ ಮಸಿ ಬಳಿಯುವ ಕೆಲಸವನ್ನು 2021ರ ರಾಜ್ಯ ಕಾನೂನು ಕೌಂಟಿಗಳಿಗೆ ವಹಿಸಿದೆ. ನಮ್ಮ ಪುಟಕ್ಕೆ ಮಸಿ ಇನ್ನೂ ತಲುಪಿರಲಿಲ್ಲ. ಪತ್ನಿ ಎರಡು ಸಲ ಓದಿ, "ರೀ, ಪಾತ್ರೆ ತೊಳೆಯೋರು ನೀವು. ನಿಮಗೇನೂ ತೊಂದರೆ ಇಲ್ಲ, ನಾನೇ ಜಾಗ ಹುಡುಕ್ಕೋಬೇಕು," ಎಂದಳು.

ಹೊಸ ದಸ್ತಾವೇಜಿನಲ್ಲಿ ವಕೀಲರು ನನ್ನ ಸರಿಯಾದ ಹೆಸರನ್ನು ಬರೆದು, ತುರುಕೆರೆ ಎಂಬ ಹೆಸರಿನಿಂದ ಸ್ವತ್ತು ಪಡೆದಿದ್ದವನು ಎಂದು ಸೇರಿಸಿದರು. ಅಲಿಯಾಸ್ ಇಟ್ಟುಕೊಂಡವರನ್ನು ನಾನು ಅದುವರೆಗೆ ಪತ್ರಿಕೆಯ ಅಪರಾಧ ಸುದ್ದಿಯಲ್ಲಿ ಮಾತ್ರ ಕಂಡಿದ್ದೆ. ಸಹಿಯನ್ನು ನೋಟರಿಯ ಮುಂದೆ ದೃಢಪಡಿಸಬೇಕು, ಮತ್ತು ಸ್ಥಿರಾಸ್ತಿಯ ಪತ್ರವಾದರೆ ನೋಟರಿಯ ದಿನಚರಿ ಪುಸ್ತಕದಲ್ಲಿ ಬಲಗೈ ಹೆಬ್ಬೆರಳನ್ನೂ ಒತ್ತಬೇಕೆಂದು ಇಲ್ಲಿಯ ಕಾನೂನು ಹೇಳುತ್ತದೆ. ಹೆಬ್ಬೆಟ್ಟು ಒತ್ತುವ ಗತಿ ಮಕ್ಕಳಿಗೆ ಬಾರದಿರಲೆಂದು ಹೊಲ ಮಾರಿ ಇಂಜಿನಿಯರಿಂಗ್ ಓದಿಸಿದ ನಮ್ಮ ತಂದೆಯವರಿಗೆ ಈ ವಿಷಯ ತಿಳಿಸಿಲ್ಲ.

ಇಷ್ಟೆಲ್ಲ ಆದಮೇಲೂ ಕಿಟಕಿಯ ಹಿಂದಿನ ಮಹಿಳೆ ಮೊದಲು ನೋಡಿದ್ದು ಹೆಸರನ್ನಲ್ಲ, ಪುಟದ ಅಂಚನ್ನು. ಮೊದಲ ಪುಟದ ಮೇಲ್ಭಾಗದಲ್ಲಿ ಎರಡೂವರೆ ಅಂಗುಲದಷ್ಟು ಜಾಗ ಮೀಸಲು: ಎಡಗಡೆ ಪತ್ರವನ್ನು ಯಾರಿಗೆ ಹಿಂದಿರುಗಿಸಬೇಕೆಂಬ ವಿಳಾಸ, ಬಲಗಡೆಯ ಐದು ಅಂಗುಲ ರೆಕಾರ್ಡರಿನ ಮುದ್ರೆಗೆಂದು ಖಾಲಿ. ಕಾಗದದ ನೆತ್ತಿಗೆ ಶ್ರೀಕಾರವಿಲ್ಲದೆ ಕಿರಾಣಿ ಚೀಟಿಯನ್ನೂ ಬರೆಯದ ವಂಶದ ನಾವು ಆ ಜಾಗವನ್ನು ಮನಸ್ಸು ಗಟ್ಟಿಮಾಡಿ ಖಾಲಿ ಬಿಟ್ಟಿದ್ದೆವು. ಆದರೂ ಪತ್ರ ವಾಪಸಾಯಿತು, ಏಕೆಂದರೆ ನೋಟರಿಯ ಮೊಹರಿನ ಒಂದು ಅಂಚು ಅಚ್ಚಾದ ಪದವೊಂದರ ಮೇಲೆ ಹತ್ತಿ ಕೂತಿತ್ತು. ಹಾಗಾದರೆ ಏನು ಮಾಡಬೇಕೆಂದು ಕೇಳಿದ್ದಕ್ಕೆ, ಕಾನೂನು ಸಲಹೆ ಕೊಡಲು ತಮಗೆ ಅಧಿಕಾರವಿಲ್ಲವೆಂದು ಆಕೆ ನಗುನಗುತ್ತಾ ತಿಳಿಸಿದರು. ಸ್ವತ್ತು ನಿಜವಾಗಿ ನಮ್ಮದೋ ಅಲ್ಲವೋ ಎಂದು ಅವರು ಕೇಳಲಿಲ್ಲ, ಕೇಳುವ ಕೆಲಸವೂ ಅವರದಲ್ಲ; ಕೊಡುವವನಿಗೆ ಹಕ್ಕಿದೆಯೋ ಇಲ್ಲವೋ ಎಂಬುದು ಕೋರ್ಟಿಗೆ ಬಿಟ್ಟ ವಿಚಾರ, ಮೊಹರು ಎಲ್ಲಿ ಬಿದ್ದಿದೆ ಎಂಬುದು ಕಿಟಕಿಗೆ ಬಿಟ್ಟ ವಿಚಾರ. ಮತ್ತೆ ನೋಟರಿ, ಮತ್ತೆ ಹೆಬ್ಬೆಟ್ಟು, ಮತ್ತೆ ಸಾಲು. ಅಂತೂ ಪತ್ರ ದಾಖಲಾಯಿತು.

ದಾಖಲಾದ ಮೇಲೆ ಪತ್ರಗಳ ಸುರಿಮಳೆ ಹಿಡಿಯಿತು. ಕೌಂಟಿಯಲ್ಲಿ ಕೆಲವು ಡಾಲರಿಗೆ ಸಿಗುವ ಕ್ರಯಪತ್ರದ ಪ್ರತಿಯನ್ನು ನೂರಕ್ಕೂ ಹೆಚ್ಚು ಡಾಲರಿಗೆ ಒದಗಿಸುತ್ತೇವೆಂಬ ಸರ್ಕಾರಿ ಕಾಗದದಂತೆ ಕಾಣುವ ನೋಟಿಸು, ಸೌರ ಫಲಕದವರ ಕರಪತ್ರ, ಇದ್ದ ಸ್ಥಿತಿಯಲ್ಲೇ ಮನೆಯನ್ನು ನಗದಿಗೆ ಕೊಳ್ಳುತ್ತೇವೆಂಬ ದಲ್ಲಾಳಿಗಳ ಓಲೆ. ಕೌಂಟಿಯ ಹೆಸರುಪಟ್ಟಿಯನ್ನು ನೆಚ್ಚಿದ ಇವರಲ್ಲಿ ಕೆಲವರು ಪೂಜ್ಯ ಮಾವನವರನ್ನೇ ಸಂಬೋಧಿಸಿದ್ದರು. ನಗಲೆಂದು ಅಂಥದೊಂದನ್ನು ಫೋನಿನಲ್ಲಿ ಅವರಿಗೆ ಓದಿ ಹೇಳಿದೆ. ಅವರು ನಗಲಿಲ್ಲ. ಸ್ವಲ್ಪ ಯೋಚಿಸಿ, "ಎಷ್ಟು ಕೊಡ್ತಾರಂತೆ ಕೇಳಿ ನೋಡಿ ಅಳಿಯಂದಿರೇ. ಅಡ್ವಾನ್ಸ್ ಮಾತ್ರ ಈಗಲೇ ತಗೋಬೇಡಿ," ಎಂದರು.